ಬಂಗುಡೆಯ ಕಪ್ಪು ಪಟ್ಟಿ

ಪ್ರೀತಿಯ ಶಾರದಕ್ಕಾ,

ಬಂಗುಡೆ ಹೆಚ್ಚುವಾಗ ಪಕ್ಕೆಯುದ್ದಕ್ಕೂ ಕಾಣುವ ಕಪ್ಪು ಮಾಂಸ ಹೆಪ್ಪುಗಟ್ಟಿದ ರಕ್ತವೇ ಎಂದು ಕೇಳಿದ್ದಿರಿ. ಅಲ್ಲ ಅಕ್ಕಾ, ಧಾರಾಳವಾಗಿ ತಿನ್ನಿ. ಸ್ನಾಯುವಿನೊಳಗೇ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಬಣ್ಣ ಅದು. ಬಿಡುವಿಲ್ಲದೆ ಈಜುವ ಬಂಗುಡೆಗೆ ಅಷ್ಟು ಪಟ್ಟಿ ಸಾಕು. ಉಸಿರಿಲ್ಲದೆ ಬಹಳ ಹೊತ್ತು ಮುಳುಗುವ ಅಂಟಾರ್ಕ್ಟಿಕಾದ ವೆಡೆಲ್ ಸೀಲಿಗೆ ಸಾಲದು. ಅದರ ಈಜುವ ಸ್ನಾಯುವೆಲ್ಲ ಕಪ್ಪುಗೆಂಪು. ನಮ್ಮ ಸ್ನಾಯುವಿಗಿಂತ ಸುಮಾರು 10 ಪಟ್ಟು ಮಯೋಗ್ಲೋಬಿನ್ ಅದರಲ್ಲಿದೆ.

ನಾವು ಕೆರೆಗೆ ಧುಮುಕುವಾಗ ಎದೆ ತುಂಬ ಉಸಿರು ಎಳೆದುಕೊಳ್ಳುತ್ತೇವಲ್ಲ, ಸೀಲ್ ಉಸಿರು ಬಿಟ್ಟು ಮುಳುಗುತ್ತದೆ! ಅದರ ಆಮ್ಲಜನಕದ ಗಂಟು ಇರುವುದು ರಕ್ತದಲ್ಲಿ, ಮಾಂಸದಲ್ಲಿ. ಮುಳುಗಿದೊಡನೆ ಎದೆಬಡಿತ ಇಳಿಯುತ್ತದೆ, ಸ್ನಾಯುಗಳಿಗೆ ರಕ್ತ ಹರಿಯುವುದು ತೀರ ಕಡಿಮೆಯಾಗುತ್ತದೆ. ಪೇಟೆಯ ದಾರಿ ಮುಚ್ಚಿದಾಗ ಮನೆಯ ಕಣಜವನ್ನೇ ನಂಬಿದ ಹಾಗೆ, ಸ್ನಾಯು ತನ್ನಲ್ಲಿದ್ದದ್ದನ್ನೇ ಖರ್ಚು ಮಾಡಬೇಕು.

1960ರ ದಶಕದಲ್ಲಿ ವಿಜ್ಞಾನಿ ಜೆರಾಲ್ಡ್ ಕೂಯ್ಮನ್ ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಕೊಲ್ಲಿಯಲ್ಲಿ ಸೀಲಿನ ಮುಳುಗನ್ನು ಅಳೆಯಲು ಹೊರಟರು. ಬೇರೆ ಬಿರುಕುಗಳಿಲ್ಲದ ಕಡೆ ಹಿಮ ಕೊರೆದು ಒಂದೇ ಕಿಂಡಿ ಮಾಡಿ ಸೀಲನ್ನು ಬಿಟ್ಟರು. ಉಸಿರಿಗಾಗಿ ಅದು ಅಲ್ಲಿಗೇ ಮರಳಬೇಕು. ಅದರ ಬೆನ್ನ ಮೇಲಿನ ಯಂತ್ರದಲ್ಲಿ ಕಾಲ ಅಳೆಯಲು ಇದ್ದದ್ದು ಅಡುಗೆಮನೆಯ ಟೈಮರ್! ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ. ಮುಂದೆ ರಕ್ತ ಪರೀಕ್ಷಿಸಿದಾಗ, ಆಮ್ಲಜನಕ ಸಾಲದಾದಾಗ ಕೂಡುವ ಲ್ಯಾಕ್ಟಿಕ್ ಆಮ್ಲ, ಮುಳುಗು 20 ನಿಮಿಷ ದಾಟಿದ ಮೇಲಷ್ಟೇ ಏರುವುದು ಕಂಡಿತು. ಜಾಣ ಪ್ರಾಣಿ, ಬಹುತೇಕ ಅಷ್ಟರೊಳಗೇ ಮೇಲೆ ಬರುತ್ತದೆ. ಆಳಕ್ಕಿಳಿಯುವಾಗ ರೆಕ್ಕೆಗಾಲು ಆಡಿಸದೆ ಸುಮ್ಮನೆ ಜಾರಿಕೊಂಡು ಹೋಗಿ ಖರ್ಚನ್ನೂ ಉಳಿಸುತ್ತದೆ.

ಮಯೋಗ್ಲೋಬಿನ್ ಅಷ್ಟು ಒತ್ತಾಗಿ ತುಂಬಿದರೆ ಗಂಜಿಯಲ್ಲಿ ಹಿಟ್ಟು ಗಂಟಾದಂತೆ ಅಂಟಿಕೊಳ್ಳಬೇಕಿತ್ತಲ್ಲ? 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಟ್ಟಿತು: ಮುಳುಗುವ ಪ್ರಾಣಿಗಳಲ್ಲಿ ಈ ಅಣುಗಳ ಮೈಮೇಲೆ ಧನ ವಿದ್ಯುದಂಶ ಹೆಚ್ಚು, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ.

ಕೂವಿಯರ್ ಕೊಕ್ಕಿನ ತಿಮಿಂಗಿಲದ ದಾರಿಯೇ ಬೇರೆ. 2020ರಲ್ಲಿ ವರದಿಯಾದ ಅದರ ಒಂದು ಮುಳುಗು 222 ನಿಮಿಷ. ಅಂದರೆ ನೀವು ಬೆಳಗಿನ ತಿಂಡಿ ಮುಗಿಸಿ ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕುವವರೆಗೂ ಅದು ಉಸಿರೆಳೆಯುವುದಿಲ್ಲ! ಇಷ್ಟು ಹೊತ್ತು ತಡೆಯಲು ಬೇಗ ದಣಿಯದ, ನಿಧಾನದ ಸ್ನಾಯುತಂತುಗಳೇ ಇರಬೇಕು ಎಂದುಕೊಂಡಿದ್ದೆ. ಆದರೆ ಕೊಕ್ಕಿನ ತಿಮಿಂಗಿಲಗಳ ಈಜು ಸ್ನಾಯುವಿನಲ್ಲಿ ಹೆಚ್ಚಿನವು ಕೋಳಿಯ ಎದೆಮಾಂಸದಲ್ಲಿರುವಂಥ ವೇಗದ ತಂತುಗಳು. ಮಯೋಗ್ಲೋಬಿನ್ ತುಂಬಿರುವುದರಿಂದ ಬಣ್ಣ ಮಾತ್ರ ಕಡುಗಪ್ಪು. ಆಮ್ಲಜನಕ ಉರಿಸುವ ಮೈಟೋಕಾಂಡ್ರಿಯಾ ಅಲ್ಲಿ ತೀರ ಕಡಿಮೆ. ಕಣಜ ತುಂಬಾ ದೊಡ್ಡದು, ಉಣ್ಣುವ ಬಾಯಿ ನಾಲ್ಕೇ.

ವೆಡೆಲ್ ಸೀಲಿನ ಮರಿಗೆ ಹುಟ್ಟುವಾಗ ಇಷ್ಟು ಕಪ್ಪು ಇರುವುದಿಲ್ಲ; ಬೆಳೆಯುತ್ತ, ಮುಳುಗುತ್ತ ಕೂಡುತ್ತ ಹೋಗುತ್ತದೆ. ಅದರ ಬಗ್ಗೆ ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಬಂಗುಡೆ ಪುಳಿಮುಂಚಿ ಮಾಡಿದ ದಿನ ನೆನಪಿಸಿಕೊಳ್ಳಿ.

ನಿಮ್ಮ,
ವಸಂತ