ಗದ್ದಲದ ಮೇಲಿನ ಮನೆ

ದೊಡ್ಡ ದುಃಖ ಬಂದಾಗ ಮನುಷ್ಯ ಹೇಗೋ ಮನಸ್ಸು ಗಟ್ಟಿಮಾಡಿಕೊಳ್ಳುತ್ತಾನೆ. ಪಕ್ಕದ ಮನೆಯ ಗೋಡೆ ಕೊರೆಯುವ ಯಂತ್ರ ನಿಂತು, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಶುರುವಾದರೆ ಅದೇ ಮನುಷ್ಯನ ತಾಳ್ಮೆ ಕೆಡುತ್ತದೆ. ಸ್ಟೋಯಿಕ್ ತತ್ತ್ವವನ್ನು ಒರೆಗೆ ಹಚ್ಚಲು ಇಂಥ ಬೆಳಗು ಸಾಕು. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಎಂಬ ಅದರ ಮೊದಲ ಪಾಠ ಎಲ್ಲರೂ ಕೇಳಿದ್ದೇ. ಅದನ್ನು ಮತ್ತೆ ಬಿಡಿಸಬೇಕಿಲ್ಲ.

ರೋಮಿನ ಸ್ಟೋಯಿಕ್ ಚಿಂತಕ ಸೆನೆಕ ತನ್ನ ಕೊನೆಯ ವರ್ಷಗಳಲ್ಲಿ ಗೆಳೆಯ ಲೂಸಿಲಿಯಸ್‌ಗೆ ಬರೆದ ಪತ್ರಗಳಲ್ಲಿ 124 ಉಳಿದಿವೆ. 56ನೆಯದು ಗದ್ದಲಕ್ಕೇ ಮೀಸಲು. ಆಗ ಅವನ ಬಿಡಾರ ಸಾರ್ವಜನಿಕ ಸ್ನಾನಗೃಹದ ಮೇಲೆ. ಸೀಸದ ಗುಂಡು ಎತ್ತುವವರ ಏದುಸಿರು, ಮೈ ತಿಕ್ಕುವವನ ಅಂಗೈ ಹೆಗಲಿಗೆ ಬಡಿಯುವ ಸದ್ದು, ಚೆಂಡಾಟದ ಎಣಿಕೆ, ಕೊಳಕ್ಕೆ ಧುಮುಕುವವರ ಧಡಾರ್, ತಿಂಡಿ ಮಾರುವವರ ಬಗೆಬಗೆಯ ರಾಗ. ಮೈಗೂದಲು ಕೀಳುವವನು ಕೀರಲು ದನಿಯಲ್ಲಿ ಗಿರಾಕಿಯನ್ನು ಕರೆಯುತ್ತಲೇ ಇರುತ್ತಾನೆ. ಗಿರಾಕಿ ಸಿಕ್ಕ ಮೇಲೆ ಅರಚುವ ಸರದಿ ಗಿರಾಕಿಯದು. ಹೊರಗೆ ಗಾಡಿಗಳು, ಬಡಗಿ, ಗರಗಸ ಮಸೆಯುವವನು.

ಸೆನೆಕ ಈ ಸದ್ದುಗಳನ್ನು ಬೈಯುತ್ತ ಕೂರದೆ ವಿಂಗಡಿಸಿದ. ಬರಿಯ ಸದ್ದು ಕಿವಿಗೆ ಬಡಿದು ಅಲ್ಲೇ ನಿಲ್ಲುತ್ತದೆ, ಮಾತು ಮನಸ್ಸನ್ನೇ ಎಳೆದೊಯ್ಯುತ್ತದೆ. ಎಡೆಬಿಡದ ಸದ್ದಿಗಿಂತ ಬಿಟ್ಟುಬಿಟ್ಟು ಬರುವುದು ಹೆಚ್ಚು ಕಾಡುತ್ತದೆ. ಇದಕ್ಕೆ ಇಂದಿಗೂ ತಿದ್ದುಪಡಿ ಬೇಕಿಲ್ಲ. ಬಸ್ಸಿನ ಎಂಜಿನ್ ಮೊರೆತದಲ್ಲಿ ಗಾಢವಾಗಿ ನಿದ್ರಿಸುವವನನ್ನು ಹಿಂದಿನ ಸೀಟಿನ ಫೋನ್ ಮಾತು ಎಬ್ಬಿಸುತ್ತದೆ. ಒಂದು ಕಡೆಯ ಮಾತಷ್ಟೇ ಕೇಳುವುದರಿಂದ ಆ ಕಡೆಯವರು ಏನೆಂದಿರಬಹುದು ಎಂದು ಮನಸ್ಸು ತಾನೇ ಊಹಿಸುತ್ತ ದಣಿಯುತ್ತದೆ. ಮೊಬೈಲಿನ ಚುಟುಕು ವಿಡಿಯೋಗಳಂತೂ ಎರಡು ಪೀಡೆಗಳನ್ನೂ ಕೂಡಿಸಿವೆ: ಅವು ಮಾತನ್ನೇ ತುಂಡು ತುಂಡು ಮಾಡಿ ಎಸೆಯುತ್ತವೆ. ಇಯರ್‌ಫೋನ್ ಇಲ್ಲದೆ ಅವನ್ನು ನಾಲ್ಕು ಜನರ ನಡುವೆ ಹಾಕುವುದು ಪರರ ಮನಸ್ಸಿಗೆ ಕೈಹಾಕಿದಂತೆಯೇ.

ಒಳಗಿನ ಗಲಾಟೆ ಅಡಗದೆ ಹೊರಗಿನ ಮೌನದಿಂದ ಪ್ರಯೋಜನವಿಲ್ಲವೆಂದು ಉದ್ದಕ್ಕೂ ವಾದಿಸಿದ ಸೆನೆಕ, ಪತ್ರದ ಕೊನೆಗೆ ಮನೆ ಬದಲಿಸುತ್ತೇನೆ ಎನ್ನುತ್ತಾನೆ. ಇದನ್ನು ಸೋಲೆಂದು ಓದುವವರಿದ್ದಾರೆ, ಅದು ಸರಿಯಲ್ಲ. ತನ್ನನ್ನು ಪರೀಕ್ಷಿಸಿಕೊಳ್ಳಲು ಅಲ್ಲಿದ್ದ, ಪರೀಕ್ಷೆ ಮುಗಿಯಿತು. ತಪ್ಪಿಸಬಹುದಾದ ಕಿರಿಕಿರಿಯನ್ನು ಹಟಕ್ಕೆ ಬಿದ್ದು ಸಹಿಸಬೇಕೆಂದು ಸ್ಟೋಯಿಕರು ಹೇಳಲಿಲ್ಲ.

ಆದರೆ ಮನೆ ಬದಲಿಸುವ ಅನುಕೂಲ ಎಲ್ಲರಿಗಿಲ್ಲ. ಒಂದು ಕಾಲದಲ್ಲಿ ಗುಲಾಮನಾಗಿದ್ದ ಸ್ಟೋಯಿಕ್ ಗುರು ಎಪಿಕ್ಟೆಟಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಸ್ನಾನಗೃಹಕ್ಕೆ ಹೊರಡುವ ಮುನ್ನ ಅಲ್ಲಿ ನೀರೆರಚುವವರು, ತಳ್ಳುವವರು, ಬೈಯುವವರು, ಕದಿಯುವವರು ಇರುತ್ತಾರೆಂದು ನೆನಪಿಸಿಕೊಂಡೇ ಹೋಗಬೇಕೆಂಬುದು ಅವನ ಬೋಧೆ. ಕಳ್ಳತನ ಅವನ ಮನೆಗೂ ಬಂದಿತ್ತು. ದೇವರ ಮುಂದಿಟ್ಟಿದ್ದ ಕಬ್ಬಿಣದ ದೀಪ ಕಳುವಾದಾಗ, ನಾಳೆ ಮಣ್ಣಿನದು ತಂದರಾಯಿತು ಎಂದುಕೊಂಡ. ಒಂದು ದೀಪಕ್ಕಾಗಿ ತನ್ನ ಪ್ರಾಮಾಣಿಕತೆಯನ್ನೇ ತೆತ್ತ ಕಳ್ಳನಿಗೇ ನಷ್ಟ ಹೆಚ್ಚೆಂಬುದು ಅವನ ಲೆಕ್ಕ.

ಎಪಿಕ್ಟೆಟಸ್ ತೀರಿಕೊಂಡ ಮೇಲೆ ಅವನ ಮಣ್ಣಿನ ದೀಪವನ್ನು ಒಬ್ಬ 3,000 ದ್ರಾಕ್ಮಾ ಕೊಟ್ಟು ಕೊಂಡನಂತೆ. ಅದರ ಬೆಳಕಿನಲ್ಲಿ ಓದಿದರೆ ಆ ಹಿರಿಯನ ಜ್ಞಾನ ತನಗೂ ಬಂದೀತೆಂಬ ಆಸೆ. ಈ ಸಂಗತಿ ಬರೆದಿಟ್ಟ ವಿಡಂಬನಕಾರ ಲೂಸಿಯನ್ ದೀಪ ಕೊಂಡವನನ್ನು ಹಂಗಿಸುತ್ತಾನೆ. ಹಂಗಿಸಿದ್ದು ಅತಿಯಾಯಿತು, ಅವನು ದೀಪ ಕೊಂಡದ್ದು ಓದಲು ಕೂರುವುದಕ್ಕೇ.