ಕಡಲೊಳಗಿನ ಕಲ್ಲುಗೋಡೆ

ಚಿರಂಜೀವಿಯು ಉದ್ಯೋಗನಿಮಿತ್ತ ತೈವಾನಿನಲ್ಲಿ ನೆಲೆಸಿರುವುದರಿಂದ ನಮಗೂ ಈ ವಯಸ್ಸಿನಲ್ಲಿ ಸಮುದ್ರಯಾನದ ಯೋಗವು ಒದಗಿತು. ಆ ದೇಶಕ್ಕೂ ಚೀನಾಕ್ಕೂ ನಡುವಣ ಜಲಸಂಧಿಯಲ್ಲಿ ಪೆಂಗ್‌ಹು ಎಂಬ ದ್ವೀಪಸಮೂಹವಿದೆ. ಅದರ ದಕ್ಷಿಣದ ತುದಿಯ ಚೀಮೇ ದ್ವೀಪದಲ್ಲಿ ಮೀನು ಹಿಡಿಯುವ ಕಲ್ಲುಕಟ್ಟೆಯೊಂದುಂಟೆಂದು ಕೇಳಿ, ಮಗನೊಡನೆ ಹಡಗನ್ನೇರಿ ಹೋದೆವು.

ದಡದ ಎತ್ತರದಲ್ಲಿ ನಿಂತು ನೋಡಿದರೆ ಬರಿಯ ನೀರು! ಉಬ್ಬರದ ವೇಳೆ. ಕೆಲವು ತಾಸು ಕಾದೆವು. ಕಡಲು ಇಳಿಯುತ್ತ ಬಂದಂತೆ ಕಪ್ಪು ಗೋಡೆಯೊಂದು ಬಳುಕುತ್ತ ಮೇಲೆದ್ದಿತು. ಅದರ ತುದಿಯಲ್ಲಿ ಎರಡು ಅರಳಿಯೆಲೆಗಳನ್ನು ಜೋಡಿಸಿಟ್ಟಂತಹ ಎರಡು ಕೊಳಗಳು ಕಾಣಬಂದುವು.

ಇದರ ಯುಕ್ತಿಯು ಬಹಳ ಸರಳವಾದುದು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಪೇರಿಸಿರುವರು. ಉಬ್ಬರದಲ್ಲಿ ಮೀನುಗಳು ಗೋಡೆಯನ್ನು ದಾಟಿ ಒಳಬರುವುವು. ಇಳಿತದಲ್ಲಿ ನೀರು ಸಂದುಗಳಿಂದ ಹೊರಹೋಗುವುದು. ಮೀನು ಮಾತ್ರ ಬಾಗಿದ ಗೋಡೆಯನ್ನನುಸರಿಸಿ ಕೊಳವನ್ನು ಸೇರಿ ಅಲ್ಲಿಯೇ ಉಳಿಯುವುದು.

ಈ ದ್ವೀಪಗಳಲ್ಲಿ ಇಂತಹ ಕಟ್ಟೆಗಳು 500ಕ್ಕೂ ಹೆಚ್ಚಾಗಿವೆ; ಉತ್ತರದ ಜೀಬೇ ದ್ವೀಪದಲ್ಲಿ ಅತ್ಯಧಿಕ. ಅನೇಕ ಮನೆತನಗಳು ಕೂಡಿ ಕಟ್ಟಿ, ಪಾಲು ಹಂಚಿಕೊಂಡು, ಸರದಿಯಂತೆ ಮೀನು ಹಿಡಿಯುತ್ತಿದ್ದುವು. ಪಾಲು ಎಂದರೆ ಮೀನಿನಲ್ಲಿ ಮಾತ್ರವಲ್ಲ, ದುಡಿಮೆಯಲ್ಲಿಯೂ. ಅಲೆಯು ಕೆಡಹಿದ ಕಲ್ಲನ್ನು ಮತ್ತೆ ಏರಿಸುವ ಭಾರವು ಎಲ್ಲರದೂ ಆಗಿದ್ದಿತು.

ಬಳಿಯಲ್ಲಿದ್ದ ವೃದ್ಧರೊಬ್ಬರನ್ನು ಮಗನ ಮೂಲಕ ಮಾತನಾಡಿಸಿದೆವು. ಅವರೆಂದರು: “ನೋಡಬರುವವರು ಬಹಳ ಮಂದಿ, ಸ್ವಾಮೀ. ಕಲ್ಲೆತ್ತುವವರು ಎಲ್ಲಿ?” ಯಂತ್ರದ ದೋಣಿಗಳೂ ಹೊಸ ಬಲೆಗಳೂ ಬಂದ ಮೇಲೆ, ದಡದ ಮೀನೂ ಕಡಮೆಯಾಗಿ, ಬಹುಪಾಲು ಕಟ್ಟೆಗಳು ಅನಾಥವಾದುವು.

ಚೀಮೇಯ ಈ ಕಟ್ಟೆಯನ್ನು 2006ರಲ್ಲಿ ಸಾಂಸ್ಕೃತಿಕ ಸ್ಥಳವೆಂದು ನೋಂದಾಯಿಸಿ ರಕ್ಷಣೆಗೊಳಪಡಿಸಿರುವರು. ಸಂತೋಷವೇ. ಆದರೆ ಅಲೆಗೆ ಶಾಸನವನ್ನು ಓದಲು ಬರುವುದಿಲ್ಲವಷ್ಟೆ! ದೊರೆಯದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ ಎಂದು ನಾವು ಪಾಠಶಾಲೆಯಲ್ಲಿ ವರ್ಷಾನುಗಟ್ಟಲೆ ಹೇಳಿಕೊಟ್ಟೆವು. ಎರಡನೆಯದು ಕೈಯ ಕೆಲಸವೆಂಬುದು ಅಂದು ನಮಗೆ ಇಷ್ಟು ಸ್ಪಷ್ಟವಾಗಿ ತೋರಿರಲಿಲ್ಲ.

ಈಗ ಪೆಂಗ್‌ಹುವಿನ ಕೆಲವು ತರುಣರು ಹಿರಿಯ ಕುಶಲರಿಂದ ಕಲ್ಲು ಪೇರಿಸುವ ವಿದ್ಯೆಯನ್ನು ಕಲಿತು, ಬಿದ್ದ ಗೋಡೆಗಳ ಜೀರ್ಣೋದ್ಧಾರಕ್ಕೆ ತೊಡಗಿರುವರಂತೆ. ಇದನ್ನು ಕೇಳಿ ಆ ವೃದ್ಧರ ಪ್ರಶ್ನೆಗೆ ಅರ್ಧ ಉತ್ತರವಾದರೂ ದೊರೆಯಿತೆಂದುಕೊಂಡೆವು.

ನಾವು ಹೊರಡುವಾಗ ಕಡಲು ಮತ್ತೆ ಏರುತ್ತಿದ್ದಿತು. ಎರಡು ಅರಳಿಯೆಲೆಗಳೂ ಒಂದೊಂದಾಗಿ ನೀರಿನಲ್ಲಿ ಮರೆಯಾದುವು.