ಇಸ್ಕಿಯೆರ್ದಾ ಅಂದ್ರೆ ಎಡಕ್ಕೆ

ಕಂಪ್ಲಿಯಲ್ಲಿರೋ ನಮ್ಮಕ್ಕನ ಮಗ ಹೊಸಪೇಟೆ–ಹಂಪಿ ನಡುವೆ ಆಟೋ ಓಡಿಸ್ತಾನೆ. ಹೋದ ದಸರೆಗೆ ಹೋದಾಗ ಮೆಲ್ಲಗೆ ಕೇಳಿದ, "ಮಾಮ, ನಿನಗೆ ಸ್ಪ್ಯಾನಿಷ್ ಬರ್ತೈತಂತಲ್ಲ, ನನಗೂ ಒಂಚೂರು ಕಲಿಸು." ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ಮೆಕ್ಸಿಕೋದವರು. ಡ್ಯುಯೊಲಿಂಗೊ ಗೂಬೆಯ ಕೈಲಿ ಎರಡು ವರ್ಷ ಬೈಸಿಕೊಂಡು ಅಷ್ಟಿಷ್ಟು ಕಲಿತಿದ್ದೆ. ಅವನ ಲೆಕ್ಕ ಸರಳ: ಸ್ಪೇನಿನವರು ತಮ್ಮ ಭಾಷೆಯ ನಾಲ್ಕು ಮಾತು ಕೇಳಿದ್ರೆ ಇಡೀ ದಿನಕ್ಕೆ ಅವನ ಆಟೋನೇ ಹಿಡೀತಾರೆ.

ಇಂಜಿನಿಯರ್ ಅಲ್ವಾ, ಎಕ್ಸೆಲ್ ಶೀಟ್ ಮಾಡಿದೆ. 200 ಪದ, ಪಕ್ಕದಲ್ಲಿ ಕನ್ನಡ. ದಿನಕ್ಕೆ 20 ಬಾಯಿಪಾಠ ಮಾಡು ಅಂದೆ. ಮೂರನೇ ದಿನ ಕೇಳಿದ್ರೆ ತಲೆ ತಗ್ಗಿಸಿ ನಿಂತ. ಹಾಗೆ ನಿಲ್ಲೋದು ನನಗೆ ಚೆನ್ನಾಗಿ ಗೊತ್ತು. ಐದನೇ ಕ್ಲಾಸಿನಲ್ಲಿ 'ವೆಡ್ನಸ್‌ಡೇ' ಸ್ಪೆಲ್ಲಿಂಗ್ ಬರದೆ ಅಂಗೈ ಚಾಚಿ ನಿಂತವನು ನಾನು. ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೂ ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡೋ ಮುಂಚೆ ಆ ಅಂಗೈ ಬೆವರ್ತಿತ್ತು. ಅದೇ ಬೆತ್ತಾನ ಶೀಟ್ ಮಾಡಿ ಇವನ ಮುಂದೆ ಹಿಡಿದಿದ್ದೆ.

ಲ್ಯಾಪ್‌ಟಾಪ್ ಮುಚ್ಚಿದೆ. ಹಳೇ ಕ್ಯಾಲೆಂಡರ್ ಕತ್ತರಿಸಿ ಚೀಟಿ ಮಾಡಿ ಮನೆ ತುಂಬ ಅಂಟಿಸಿದ್ವಿ. ನೀರಿನ ಕೊಡಕ್ಕೆ ಆಗ್ವಾ, ಅಕ್ಕಿ ಡಬ್ಬಿಗೆ ಅರೋಸ್, ಬಾಗಿಲಿಗೆ ಪ್ವೆರ್ತಾ. ಅಲ್ಮಾರಿಗೆ ಅರ್ಮಾರಿಯೊ ಅಂತ ಅಂಟಿಸಿದಾಗ ನಕ್ಕುಬಿಟ್ಟ, "ಇದು ನಮ್ದೇ ಅಲ್ಲೇನು ಮಾಮ!" ನಮ್ಮದೇ ಅನ್ನೋ ಹಾಗೇ ಆಗಿದೆ. ಅಲ್ಮಾರಿ, ಚಾವಿ, ಪಗಾರ ಎಲ್ಲ ಪೋರ್ಚುಗೀಸರ ಜೊತೆ ಬಂದವು, ಪೋರ್ಚುಗೀಸ್ ಅಂದ್ರೆ ಸ್ಪ್ಯಾನಿಷ್‌ಗೆ ತಂಗಿ ಇದ್ದ ಹಾಗೆ. ಡೊಮಿಂಗೊ ಪೇಸ್ ಅನ್ನೋ ಪೋರ್ಚುಗೀಸ 1520ರ ಸುಮಾರಿಗೆ ಕೃಷ್ಣದೇವರಾಯನ ಹಂಪಿ ನೋಡಿ ಬರೆದಿಟ್ಟಿದ್ದಾನೆ. ಸ್ಪ್ಯಾನಿಷ್‌ನಲ್ಲಿ 'ಪಗಾರ್' ಅಂದ್ರೆ ದುಡ್ಡು ಕೊಡೋದು. ಆಟೋದವನಿಗೆ ಇದಕ್ಕಿಂತ ಬೇಕಾದ ಪದ ಯಾವುದಿದೆ?

ಆಮೇಲೆ ಆಟೋದಲ್ಲೇ ಪಾಠ. ನಾನು ಹಿಂದೆ ಕೂತು ಸ್ಪ್ಯಾನಿಷ್‌ನಲ್ಲಿ ಹೇಳಬೇಕು, ಅವನು ಬಾಯಿ ಬಿಡದೆ ಓಡಿಸಬೇಕು. ದೆರೆಚಾ ಬಲಕ್ಕೆ, ಇಸ್ಕಿಯೆರ್ದಾ ಎಡಕ್ಕೆ, ಪಾರೆ ಅಂದ್ರೆ ನಿಲ್ಲಿಸು. ಜೇಮ್ಸ್ ಆಶರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಭಾಷೆ ಕಲಿಸೋಕೆ ಇದನ್ನೇ ಪ್ರಯೋಗ ಮಾಡಿದ್ದ. ಮೊದಲು ಕೇಳಿ, ಕೇಳಿದ್ದನ್ನ ಕೈಕಾಲು ಆಡಿಸಿ ಮಾಡಲಿ, ಮಾತು ನಿಧಾನಕ್ಕೆ ಬರಲಿ ಅಂತ. ಆಶರ್‌ನ ಪ್ರಯೋಗದಲ್ಲಿ ಕಬ್ಬಿನ ಗದ್ದೆ ಇದ್ದಿರಲಿಕ್ಕಿಲ್ಲ. ನಾವು ಎರಡು ಸಲ ಇಸ್ಕಿಯೆರ್ದಾ ತಪ್ಪಿ ಗದ್ದೆ ದಾರಿಗಿಳಿದ್ವಿ. ಮೂರನೇ ಸಲ ತಪ್ಪಲಿಲ್ಲ.

ಬಣ್ಣಗಳಿಗೆ ಬಂದಾಗ ಭತ್ತದ ಪೈರು ತೋರಿಸಿ ವೆರ್ದೆ ಅಂದೆ. ಕೆಂಪಿಗೆ ರೋಹೊ, ತೋರಿಸೋಕೆ ಏನೂ ಸಿಗಲಿಲ್ಲ. "ಸಂಡೂರು" ಅಂದ ಅವನು. ನಮ್ಮ ಭಾವ ಅದಿರಿನ ಲಾರಿ ಇಟ್ಟಿದ್ದರು. ಸಂಡೂರಿಗೆ ಹೋಗಿ ಬಂದ್ರೆ ಕಣ್ಣುರೆಪ್ಪೆಯವರೆಗೂ ಕೆಂಪು ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಲಾರಿ ಹೋಯ್ತು, ಆಮೇಲೆ ಇವನ ಓದೂ ಹೋಯ್ತು. ಕೋರ್ಟ್ ಮಾಡಿದ್ದು ಸರಿ ಅಂತ ನಾನು ಬೆಂಗಳೂರಿನಲ್ಲಿ ಕೂತು ಹೇಳ್ತೀನಿ, ಅಕ್ಕನ ಮುಂದೆ ಹೇಳಲ್ಲ.

ಒಳಗಿಂದ ಅಕ್ಕ ಕೇಳಿದಳು, "ಅಂಗಿಗೆ ಏನಂತಾರೆ?"

"ಕಮೀಸಾ."

"ಹಂಗಾದ್ರೆ ಕಮೀಸಾ ರೋಹೊ. ಎಷ್ಟು ಒಗೆದೀನಿ ನಾನು!"

"ರೋಹೊ ಅಲ್ಲವ್ವಾ, ರೋಹಾ. ಅವರಲ್ಲಿ ಅಂಗಿ ಹೆಣ್ಣು" ಅಂದ ಮಗ. ಶೀಟ್ ಮುಂದೆ ತಲೆ ತಗ್ಗಿಸಿದ್ದವನು ವ್ಯಾಕರಣ ತಿದ್ದುತಿದ್ದ.

"ನಿಮ್ಮಪ್ಪನ ಅಂಗಿ ಹೆಂಗಲೇ ಹೆಣ್ಣಾಗ್ತೈತಿ?"

ಒಂದೂವರೆ ತಿಂಗಳ ಮೇಲೆ, ರಾತ್ರಿ 11 ಗಂಟೆಗೆ ಅವನ ವಾಯ್ಸ್ ಮೆಸೇಜ್ ಬಂತು. ಗಂಡ ಹೆಂಡತಿ, ಸ್ಪೇನಿನವರಂತೆ. "ಅವರು ಅಂದಿದ್ರಾಗೆ ಒಂದೇ ಪದ ತಿಳೀತು ಮಾಮ, ಪಿಯೆದ್ರಾ. ಆಟೋ ನಿಲ್ಲಿಸಿ ಬಂಡೆ ಮ್ಯಾಲೆ ಕೈ ಇಟ್ಟು ನಾನೂ ಪಿಯೆದ್ರಾ ಅಂದೆ. ಸಂಜಿ ತನಕ ನನ್ನ ಗಾಡಿಯಾಗೇ ತಿರುಗಿದ್ರು. ಹೋಗೋವಾಗ ಎಂಟು ಬೆರಳು ತೋರಿಸಿ ಮಾನ್ಯಾನಾ, ಮಾನ್ಯಾನಾ ಅಂದ್ರು. ಏನದು?"

ತಕ್ಷಣ ಫೋನ್ ಮಾಡಿದೆ. "ನಾಳೆ ಅಂತ ಕಣೋ. ನಾಳೆ ಎಂಟಕ್ಕೆ. ಮೊದಲು ಮಲ್ಕೋ ನೀನು."